ಓಜರ ಶಾಲೆ: ಬೇಸಗೆಯ ರಜೆಯಲ್ಲಿ ವಾಸ್ತುಶಿಲ್ಪದ ಅಭ್ಯಾಸ

ಹಳಗನ್ನಡದಲ್ಲಿ ‘ಓಜ’ ಎಂಬುದೊಂದು ಮಾತುಂಟು. ಸಂಸ್ಕೃತದ ‘ಉಪಾಧ್ಯಾಯ’ ಶಬ್ದವು ಪ್ರಾಕೃತದ ದಾರಿಯಾಗಿ ಕನ್ನಡಕ್ಕೆ ಬಂದು, ‘ಓವಜ್ಜ’ ಎಂದಾಗಿ, ಕಡೆಗೆ ‘ಓಜ’ ಎಂದು ಸವೆದು ನಿಂತಿತು. ಪಾಠ ಹೇಳುವವನು ಓಜ ಎಂಬುದೇ ಅದರ ಮೂಲಾರ್ಥ. ಆದರೆ ನಮ್ಮ ನಾಡಿನ ಶಾಸನಗಳನ್ನೂ ಗುಡಿಗಳ ಗೋಡೆಗಳನ್ನೂ ನೋಡುತ್ತ ಹೋದರೆ ಈ ಪದವು ಶಿಲ್ಪಿಗಳ ಹೆಸರಿಗೆ ಅಂಟಿಕೊಂಡಿರುವುದು ಮತ್ತೆ ಮತ್ತೆ ಕಾಣುತ್ತದೆ. ದಾಸೋಜ, ಮಲ್ಲೋಜ ಮೊದಲಾದ ಹೆಸರುಗಳನ್ನು ಹೊತ್ತವರು ಉಳಿ ಸುತ್ತಿಗೆ ಹಿಡಿದವರು, ಕಲ್ಲನ್ನು ಕಡೆದವರು. ಅಕ್ಷರ ಕಲಿಸುವವನಿಗೂ ಕಟ್ಟಡ ಕಟ್ಟುವವನಿಗೂ ನಮ್ಮ ಹಿರಿಯರು ಒಂದೇ ಹೆಸರನ್ನು ಕೊಟ್ಟರು.

ಇದು ಅರ್ಥವಿಲ್ಲದ ಮಾತಲ್ಲ. ಕಟ್ಟಡದ ವಿದ್ಯೆಯನ್ನು ಆ ಕಾಲದಲ್ಲಿ ಕಲಿಸುತ್ತಿದ್ದುದು ಕಟ್ಟುವ ತಾಣದಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ದುಡಿದವರ ಪೈಕಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದರು. ಇಬ್ಬರೂ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ಹೆಸರನ್ನು ಬರೆದು ಹೋಗಿದ್ದಾರೆ. ಮಗನಿಗೆ ತಂದೆಯೇ ಓಜ, ಕೆಲಸದ ಅಂಗಳವೇ ಶಾಲೆ. ಆ ಶಾಲೆಯ ಬಾಗಿಲು ಇಂದಿಗೂ ಮುಚ್ಚಿಲ್ಲ. ಬೇಸಗೆಯ ರಜೆಯಲ್ಲಿ ನಮ್ಮ ಹೈಸ್ಕೂಲಿನ ಹುಡುಗ ಹುಡುಗಿಯರು ಅದರೊಳಕ್ಕೆ ಕಾಲಿಡಬಹುದು ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕಾಗಿರುವ ಮಾತು.

ಓದುಗರೇ, ನಿಮ್ಮ ಮನೆಯಲ್ಲಿ ಒಂಬತ್ತನೆಯದೋ ಹತ್ತನೆಯದೋ ತರಗತಿಯನ್ನು ಮುಗಿಸಿದ ಮಗನೋ ಮಗಳೋ ಇದ್ದರೆ ಏಪ್ರಿಲ್ ತಿಂಗಳು ಬಂತೆಂದೊಡನೆ ‘ಮುಂದೇನು?’ ಎಂಬ ಪ್ರಶ್ನೆ ಏಳುವುದು ಸಹಜ. ಚಿತ್ರ ಬರೆಯುವ ಕೈ, ಗಣಿತದಲ್ಲಿ ಆಸಕ್ತಿ ಎರಡೂ ಇರುವ ಮಕ್ಕಳಿಗೆ ‘ಆರ್ಕಿಟೆಕ್ಟ್ ಆಗು’ ಎಂದು ಯಾರಾದರೂ ಹೇಳುತ್ತಾರೆ. ನಮ್ಮ ದೇಶದಲ್ಲಿ ೧೯೭೨ರ ವಾಸ್ತುಶಿಲ್ಪಿಗಳ ಕಾಯಿದೆಯ ಮೇರೆಗೆ ಈ ವೃತ್ತಿಗೆ ಒಂದು ಪರಿಷತ್ತು ಏರ್ಪಟ್ಟಿದೆ. ಪದವಿಯ ವ್ಯಾಸಂಗ ಐದು ವರ್ಷ. ಅದಕ್ಕೆ ಸೇರುವ ಮುನ್ನ ಅಭಿರುಚಿಯನ್ನು ಒರೆ ಹಚ್ಚುವ ಪರೀಕ್ಷೆಯೂ ಉಂಟು. ಆದರೆ ಒಂದು ಗೋಡೆಯ ದಪ್ಪವನ್ನು ಕೂಡ ಎಂದೂ ಅಳೆದು ನೋಡದ ಮಗು ತನಗೆ ಈ ವಿದ್ಯೆಯಲ್ಲಿ ಅಭಿರುಚಿಯಿದೆಯೋ ಇಲ್ಲವೋ ಎಂಬುದನ್ನು ತಿಳಿಯುವುದಾದರೂ ಹೇಗೆ? ಐದು ವರ್ಷಗಳ ಬಾಳನ್ನೂ ತಂದೆತಾಯಿಗಳ ಗಳಿಕೆಯನ್ನೂ ಒಂದು ಊಹೆಯ ಮೇಲೆ ಇಡುವಂತಾಗಬಾರದು.

ಈ ಕಾರಣದಿಂದಲೇ ಅಮೆರಿಕದ ಕಾರ್ನೆಗಿ ಮೆಲನ್ ಮುಂತಾದ ವಿಶ್ವವಿದ್ಯಾಲಯಗಳು ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಬೇಸಗೆಯಲ್ಲಿ ಕೆಲವು ವಾರಗಳ ವಾಸ್ತು ತರಗತಿಗಳನ್ನು ನಡೆಸಿಕೊಂಡು ಬಂದಿವೆ. ಅಲ್ಲಿ ಮಕ್ಕಳು ಕಣ್ಣಿಗೆ ಕಂಡುದನ್ನು ಬರೆಯುತ್ತಾರೆ, ರಟ್ಟಿನಿಂದ ಮಾದರಿಗಳನ್ನು ಮಾಡುತ್ತಾರೆ, ತಾವು ಮಾಡಿದುದನ್ನು ಹತ್ತು ಜನರ ಮುಂದಿಟ್ಟು ಗುಣದೋಷಗಳನ್ನು ಕೇಳಿಸಿಕೊಳ್ಳುತ್ತಾರೆ. ಕ್ರಮ ಒಳ್ಳೆಯದೇ. ಅದರ ವೆಚ್ಚವು ಮಾತ್ರ ನಮ್ಮಂಥ ಮನೆಗಳಿಗೆ ನಿಲುಕತಕ್ಕದ್ದಲ್ಲ. ಆದರೆ ಅಂಥದೊಂದು ಅಭ್ಯಾಸಕ್ಕೆ ಬೇಕಾದ ಮುಖ್ಯ ಸಾಮಗ್ರಿ, ಎಂದರೆ ಒಂದರ ಪಕ್ಕದಲ್ಲಿ ಒಂದು ನಿಂತು ತಮ್ಮ ತಮ್ಮ ಕಟ್ಟಣೆಯ ಗುಟ್ಟನ್ನು ಹೇಳುವ ಹಳೆಯ ಕಟ್ಟಡಗಳು, ನಮ್ಮಲ್ಲಿ ಇರುವಷ್ಟು ಬಹು ಕಡೆ ಇಲ್ಲ. ಬಾಗಲಕೋಟೆ ಜಿಲ್ಲೆಯ ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಂಬ ಮೂರು ಊರುಗಳನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು ೨೨ ಕಿಲೋಮೀಟರು, ಅಲ್ಲಿಂದ ಐಹೊಳೆಗೆ ಸುಮಾರು ೧೪. ಒಂದು ವಾರದ ಬಿಡುವಿದ್ದರೆ ಮೂರನ್ನೂ ನೆಮ್ಮದಿಯಾಗಿ ನೋಡಬಹುದು.

ಬೇಸಗೆಯಲ್ಲಿ ಅಲ್ಲಿಗೆ ಹೋಗಿ ಅಳೆಯುವುದು ಹೊಸ ಸಂಗತಿಯೂ ಅಲ್ಲ. ಪಶ್ಚಿಮ ಭಾರತದ ಪುರಾತತ್ತ್ವ ಸರ್ವೇಕ್ಷಣೆಯ ಮೊದಲ ಅವಧಿಯ ಕೆಲಸವನ್ನು ಜೇಮ್ಸ್ ಬರ್ಜೆಸ್ಸನು ನಡೆಸಿದ್ದು ಬೆಳಗಾವಿ ಮತ್ತು ಅಂದಿನ ಕಲಾದಗಿ ಜಿಲ್ಲೆಗಳಲ್ಲಿ, ೧೮೭೪ರ ಜನವರಿಯಿಂದ ಮೇ ತಿಂಗಳವರೆಗೆ. ಇಂದಿನ ಬಾದಾಮಿ ಐಹೊಳೆಗಳು ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಮೊದಲು, ೧೮೬೬ರಲ್ಲಿ, ಧಾರವಾಡ ಮತ್ತು ಮೈಸೂರು ಸೀಮೆಗಳ ಕಟ್ಟಡಗಳ ಛಾಯಾಚಿತ್ರಗಳ ದೊಡ್ಡ ಸಂಪುಟವೊಂದು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ನರ ಬರಹಗಳೊಡನೆ ಅಚ್ಚಾಗಿತ್ತು. ಛಾಯಾಚಿತ್ರವು ಕಟ್ಟಡದ ಮುಖವನ್ನು ತೋರಿಸಿತು. ಅಳತೆಯ ನಕ್ಷೆಯು ಅದರ ಅಸ್ಥಿಪಂಜರವನ್ನು ತೋರಿಸಿತು. ಕೊಠಡಿ ಎಷ್ಟು ಅಗಲ, ಗೋಡೆ ಎಷ್ಟು ದಪ್ಪ, ಬೆಳಕು ಯಾವ ಕಡೆಯಿಂದ ಬರುತ್ತದೆ, ಮೊದಲು ಕಟ್ಟಿದ್ದು ಯಾವುದು, ಆಮೇಲೆ ಸೇರಿಸಿದ್ದು ಯಾವುದು ಎಂಬುದು ನಕ್ಷೆಯಲ್ಲಿ ತಿಳಿಯುವಷ್ಟು ಬೇರೆಲ್ಲಿಯೂ ತಿಳಿಯುವುದಿಲ್ಲ.

ಈಗ ಐಹೊಳೆಯ ಗುಡ್ಡದ ಮೇಲಿರುವ ಮೇಗುತಿಯ ಬಸದಿಗೆ ಹೋಗೋಣ. ‘ಮೇಗಣ ಗುಡಿ’ ಎಂಬುದೇ ಮೇಗುತಿಯಾಯಿತೆಂದು ಹೇಳುವುದುಂಟು. ಅದರ ಗೋಡೆಯಲ್ಲಿ ಕವಿ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಹೇಳುವ, ಕಾಳಿದಾಸ ಭಾರವಿಗಳನ್ನು ಹೆಸರಿಸುವ ಆ ಶಾಸನವನ್ನು ನಮ್ಮ ಇತಿಹಾಸದ ಪಠ್ಯಗಳೆಲ್ಲ ಹೇಳುತ್ತವೆ. ಆದರೆ ಕಟ್ಟಡವನ್ನು ಅಭ್ಯಾಸಮಾಡುವವನಿಗೆ ಅದರಲ್ಲಿ ಮತ್ತೊಂದು ನಿಧಿಯಿದೆ, ಅದೆಂದರೆ ತೇದಿ. ಶಕ ೫೫೬, ಎಂದರೆ ಕ್ರಿ. ಶ. ೬೩೪–೩೫. ಕಟ್ಟಿದ ಕಾಲವನ್ನು ಹೀಗೆ ಖಚಿತವಾಗಿ ಹೇಳುವ ಹಳೆಯ ಗುಡಿಗಳು ವಿರಳ. ಆದುದರಿಂದ ಮೇಗುತಿಯು ಒಂದು ಅಳತೆಗೋಲು. ಅದನ್ನು ಹಿಡಿದು ಸುತ್ತಮುತ್ತಲಿನ, ತೇದಿಯಿಲ್ಲದ ಗುಡಿಗಳ ಕಾಲವನ್ನು ಹೋಲಿಸಿ ನೋಡಬಹುದು. ಬಾದಾಮಿಯ ಮೂರನೆಯ ಗುಹಾಲಯವೂ ಇಂಥದೇ ಒಂದು ಅಳತೆಗೋಲು. ಅದರ ಶಾಸನದ ಕಾಲ ಶಕ ೫೦೦, ಕ್ರಿ. ಶ. ೫೭೮, ಮಾಡಿಸಿದವನು ಮಂಗಲೇಶ.

ಗುಡ್ಡದಿಂದಿಳಿದು ಊರಿಗೆ ಬಂದರೆ ಲಾಡಖಾನ್ ಗುಡಿ. ಒಂದು ಕಾಲದಲ್ಲಿ ಆ ಹೆಸರಿನವನೊಬ್ಬನು ಅಲ್ಲಿ ವಾಸವಾಗಿದ್ದುದರಿಂದ ಆ ಹೆಸರು. ಚೌಕನಾದ ಮಂಟಪ, ಒಂದರೊಳಗೊಂದು ಇರುವ ಎರಡು ಚೌಕಗಳಂತೆ ನಿಲ್ಲಿಸಿದ ಕಂಬಗಳು, ನಡುವೆ ನಂದಿ, ಗರ್ಭಗುಡಿಯು ಹಿಂದಿನ ಗೋಡೆಗೆ ಒತ್ತಿಕೊಂಡಂತಿದೆ. ಮೇಲೆ ಎತ್ತರದ ಶಿಖರವಿಲ್ಲ. ಇಳಿಜಾರಾಗಿ ಹಾಸಿದ ಕಲ್ಲಿನ ಹಲಗೆಗಳು, ಹಲಗೆ ಹಲಗೆಗಳು ಕೂಡುವ ಸಂದಿನ ಮೇಲೆ ಮರದ ದಿಮ್ಮಿಯಂಥ ಉದ್ದನೆಯ ಕಲ್ಲುಪಟ್ಟಿಗಳು. ಮಳೆಯ ನೀರು ಸಂದಿನಲ್ಲಿ ಇಳಿಯದೆ ಹರಿದುಹೋಗಲೆಂದು ಮಾಡಿದ ಉಪಾಯವಿದು. ಮರದ ಮನೆಯ ಮಾಡನ್ನು ನೋಡಿದವರಿಗೆ ಇದರ ಮೂಲ ಎಲ್ಲಿಯದೆಂಬುದು ಒಡನೆಯೇ ಹೊಳೆಯುತ್ತದೆ.

ಇಷ್ಟು ಸರಳವಾಗಿ, ಮರದ ಮನೆಯ ನೆನಪನ್ನು ಹೊತ್ತು ನಿಂತಿರುವ ಗುಡಿಯು ಎಲ್ಲಕ್ಕಿಂತ ಹಳೆಯದಾಗಿರಬೇಕೆಂದು ಹಿಂದಿನ ವಿದ್ವಾಂಸರಿಗೆ ತೋರಿತು. ಕರ್ಣಾಟಕದ ಚಾಲುಕ್ಯ ಕಟ್ಟಡಗಳ ವಿಷಯದಲ್ಲಿ ೧೯೨೬ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಹೆನ್ರಿ ಕಸಿನ್ಸನು ಇದನ್ನು ಐದನೆಯ ಶತಮಾನದ ನಡುವಿಗೆ ಒಯ್ದನು. ಬಹುಕಾಲ ಪಠ್ಯಪುಸ್ತಕಗಳು ಅದನ್ನೇ ಹೇಳಿದವು. ಆಮೇಲೆ ಬಂದವರು ಕಂಬಗಳ ಕೆತ್ತನೆಯನ್ನೂ ಮೂರ್ತಿಗಳ ಮೈಕಟ್ಟನ್ನೂ ತೇದಿಯಿರುವ ಗುಡಿಗಳೊಡನೆ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಇಂದು ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯ ಶತಮಾನದ ಮೊದಲ ಭಾಗಕ್ಕೆ ಸೇರಿಸುತ್ತಾರೆ. ಎಂದರೆ, ಮೊದಲನೆಯದೆಂದು ಎಣಿಸಿದ್ದ ಗುಡಿ ಮೇಗುತಿಗಿಂತಲೂ ಈಚಿನದಾಯಿತು!

ಇದರಲ್ಲಿ ಮಕ್ಕಳಿಗೆ ದೊಡ್ಡ ಪಾಠವಿದೆ. ಸರಳವಾದದ್ದೆಲ್ಲ ಹಳೆಯದು, ಜಟಿಲವಾದದ್ದೆಲ್ಲ ಹೊಸದು ಎಂಬುದು ಕೇಳುವುದಕ್ಕೆ ಸೊಗಸಾದ ನಿಯಮ. ಆದರೆ ಕಟ್ಟಿದವರು ಈ ನಿಯಮಕ್ಕೆ ಕಟ್ಟುಬಿದ್ದಿರಲಿಲ್ಲ. ನಮ್ಮ ಪಟ್ಟಣದ ಒಂದೇ ಬೀದಿಯಲ್ಲಿ ಹೆಂಚಿನ ಮನೆಯೂ ತಾರಸಿಯ ಮನೆಯೂ ಒಂದೇ ವರ್ಷದಲ್ಲಿ ಏಳುವುದಿಲ್ಲವೇ? ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಅವುಗಳ ನಡುವೆ ನಡೆಯುವ ಹುಡುಗನು ಪುಸ್ತಕದ ಮಾತನ್ನು ಕಣ್ಣಿನ ಸಾಕ್ಷಿಯೊಡನೆ ಹೋಲಿಸುವುದನ್ನು ಕಲಿತರೆ, ಅವನು ಮುಂದೆ ವಾಸ್ತುಶಿಲ್ಪಿಯಾಗದೆ ವಕೀಲನೋ ವೈದ್ಯನೋ ಆದರೂ ಆ ಅಭ್ಯಾಸ ಅವನನ್ನು ಕಾಯುತ್ತದೆ.

ಹೆಸರಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಐಹೊಳೆಯ ದುರ್ಗದ ಗುಡಿಯನ್ನು ದುರ್ಗಾದೇವಿಯ ಗುಡಿಯೆಂದು ತಿಳಿಯುವವರೇ ಬಹಳ. ಕೋಟೆಯ ಭಾಗಕ್ಕೆ ಅದು ಹೊಂದಿಕೊಂಡಿದ್ದುದರಿಂದ ‘ದುರ್ಗದ ಗುಡಿ’ ಎಂಬ ಹೆಸರು ಬಂದಿತು. ಅದರ ಬಾಗಿಲ ಶಾಸನವನ್ನು ಓದಿದವರು ಅದು ಸೂರ್ಯನಿಗಾಗಿ ಕಟ್ಟಿದ ಗುಡಿಯೆಂದು ತೋರಿಸಿದ್ದಾರೆ. ಅದರ ಹಿಂಬದಿ ಅರ್ಧವೃತ್ತದಂತೆ ಬಳಸಿ ಬಂದಿದೆ. ಸುತ್ತಲೂ ಕಂಬಗಳ ಸಾಲಿನ ಪ್ರದಕ್ಷಿಣೆಯ ಮೊಗಸಾಲೆ. ಕಾಗದದ ಮೇಲೆ ಈ ತಳವಿನ್ಯಾಸವನ್ನು ಬರೆಯಲು ಕುಳಿತ ಮಗುವಿಗೆ ಚೌಕವನ್ನು ಬರೆಯುವುದಕ್ಕೂ ಬಾಗಿದ ಗೋಡೆಯನ್ನು ಅಳೆದು ಬರೆಯುವುದಕ್ಕೂ ಇರುವ ಅಂತರ ಒಂದೇ ಗಂಟೆಯಲ್ಲಿ ತಿಳಿದುಬಿಡುತ್ತದೆ.

ಐಹೊಳೆಯಿಂದ ಪಟ್ಟದಕಲ್ಲಿಗೆ ಬಂದರೆ ಮಲಪ್ರಭೆಯು ಉತ್ತರಾಭಿಮುಖವಾಗಿ ಹರಿಯುವ ಎಡೆ. ೧೯೮೭ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಈ ಆವರಣದಲ್ಲಿ ನಿಂತು ಮೇಲಕ್ಕೆ ನೋಡಬೇಕು. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ ಗುಡಿಗಳ ಶಿಖರಗಳು ಬಾಗಿದ ರೇಖೆಯಲ್ಲಿ ಮೇಲೇರುತ್ತವೆ. ಅಂಥ ಶಿಖರದ ನೆತ್ತಿಯಲ್ಲಿ ನೆಲ್ಲಿಕಾಯಿಯ ಹಾಗೆ ಏಣುಗಳುಳ್ಳ ಆಮಲಕವನ್ನು ಕೂರಿಸುವುದು ಪದ್ಧತಿ. ಇದು ಉತ್ತರದ ನಾಗರ ಕ್ರಮ. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿಗಳ ವಿಮಾನಗಳಾದರೋ ಮೆಟ್ಟಿಲು ಮೆಟ್ಟಿಲಾಗಿ, ಅಂತಸ್ತಿನ ಮೇಲೆ ಅಂತಸ್ತಾಗಿ ಏರುತ್ತವೆ. ಪ್ರತಿ ಅಂತಸ್ತಿನಲ್ಲಿಯೂ ಪುಟ್ಟ ಪುಟ್ಟ ಗುಡಿಗಳ ಸಾಲು. ಇದು ದಕ್ಷಿಣದ ದ್ರಾವಿಡ ಕ್ರಮ. ಪಾಪನಾಥದಲ್ಲಿ ಎರಡೂ ಬೆರೆತಿವೆ: ಶಿಖರ ಉತ್ತರದ್ದು, ಗೋಡೆಯ ಅಲಂಕಾರದಲ್ಲಿ ದಕ್ಷಿಣದ ಲಕ್ಷಣಗಳು. ಇದೇ ಊರಿನ ಕಂಬವೊಂದರಲ್ಲಿ ಇಮ್ಮಡಿ ಕೀರ್ತಿವರ್ಮನ ಕಾಲದ, ಕ್ರಿ. ಶ. ೭೫೪ರ, ಶಾಸನವಿದೆ. ಅದರ ಸಂಸ್ಕೃತ ಪಾಠವನ್ನು ಒಮ್ಮೆ ಉತ್ತರದ ಲಿಪಿಯಲ್ಲಿಯೂ ಒಮ್ಮೆ ನಮ್ಮ ಕನ್ನಡ ಲಿಪಿಯಲ್ಲಿಯೂ ಕೊರೆಸಿದ್ದಾರೆ. ಕಟ್ಟಡದಲ್ಲಿ ಎರಡು ಕ್ರಮ, ಬರಹದಲ್ಲಿ ಎರಡು ಲಿಪಿ. ಎರಡು ದಿಕ್ಕುಗಳ ವಿದ್ಯೆಯನ್ನೂ ಬರಮಾಡಿಕೊಂಡ ಊರು ಅದು.

ವಿರೂಪಾಕ್ಷ ಗುಡಿಯ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದ ನಡುಗಾಲದಲ್ಲಿ ಇದನ್ನು ಕಟ್ಟಿಸಿದಳು. ಆಗ ಇದರ ಹೆಸರು ಲೋಕೇಶ್ವರ. ಮತ್ತೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ ತ್ರೈಲೋಕ್ಯೇಶ್ವರವೇ ಪಕ್ಕದ ಮಲ್ಲಿಕಾರ್ಜುನ. ಕಂಚಿಯನ್ನು ಗೆದ್ದ ವಿಕ್ರಮಾದಿತ್ಯನು ಅಲ್ಲಿನ ಕೈಲಾಸನಾಥ ಗುಡಿಯನ್ನು ಕೊಳ್ಳೆ ಹೊಡೆಯದೆ ಅದರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಆ ಗುಡಿಯಲ್ಲಿರುವ ಕನ್ನಡ ಶಾಸನವು ಹೇಳುತ್ತದೆ. ಆ ಕೈಲಾಸನಾಥದ ಛಾಯೆಯು ಪಟ್ಟದಕಲ್ಲಿನ ವಿರೂಪಾಕ್ಷದ ಮೇಲೆ ಬಿದ್ದಿದೆ. ವಿರೂಪಾಕ್ಷದ ಛಾಯೆ ಎಲ್ಲೋರದ ಕೈಲಾಸದ ಮೇಲೆ ಬಿದ್ದಿದೆ ಎಂದು ಬಲ್ಲವರು ಗುರುತಿಸಿದ್ದಾರೆ. ಯುದ್ಧದಲ್ಲಿ ಎದುರಾದ ಎರಡು ರಾಜ್ಯಗಳ ನಡುವೆ ವಿದ್ಯೆಯು ಹೀಗೆ ದಾರಿ ಮಾಡಿಕೊಂಡಿತು.

ಇನ್ನು ಕಟ್ಟಿದವರ ಮಾತು. ನಮ್ಮ ಹಳೆಯ ಶಿಲ್ಪಿಗಳು ಹೆಸರನ್ನೇ ಬಿಟ್ಟುಹೋಗಲಿಲ್ಲವೆಂದು ಹೇಳುವ ವಾಡಿಕೆಯಿದೆ. ಅದು ಪೂರ್ತಿ ನಿಜವಲ್ಲ. ವಿರೂಪಾಕ್ಷದ ಬಾಗಿಲಿನ ಶಾಸನಗಳು ಗುಂಡ ಅನಿವಾರಿತಾಚಾರಿಯೆಂಬವನನ್ನು ಈ ಗುಡಿಯ ಸೂತ್ರಧಾರಿಯೆಂದು ಹೇಳಿ, ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನೂ ‘ಪೆರ್ಜೆರೆಪು’ ಎಂಬ ಗೌರವವನ್ನೂ ಕೊಟ್ಟುದನ್ನು ಸಾರುತ್ತವೆ. ಅಲ್ಲಿಯೇ ಸರ್ವಸಿದ್ಧಿ ಆಚಾರಿಯ ಹೆಸರೂ ಬರುತ್ತದೆ. ಅವನು ತೆಂಕಣ ದಿಕ್ಕಿನ ಸೂತ್ರಧಾರಿ. ಪಾಪನಾಥದಲ್ಲಿ ಚಟ್ಟರ ರೇವಡಿ ಓವಜ್ಜನ ಹೆಸರಿದೆ. ‘ಓವಜ್ಜ’ ಎಂಬ ರೂಪ ಇಲ್ಲಿ ಕಲ್ಲಿನಲ್ಲಿಯೇ ಉಳಿದಿರುವುದನ್ನು ಗಮನಿಸಿರಿ. ‘ಸೂತ್ರಧಾರಿ’ ಎಂದೊಡನೆ ನಮಗೆ ನಾಟಕದ ನೆನಪಾಗುತ್ತದೆ. ಆದರೆ ಸೂತ್ರವೆಂದರೆ ನೂಲು. ನೂಲನ್ನು ಹಿಡಿದು ನೆಲದ ಮೇಲೆ ಗೆರೆ ಹಾಕುವವನೇ ಸೂತ್ರಧಾರಿ.

ಸರ್ವಸಿದ್ಧಿ ಆಚಾರಿಯನ್ನು ಹೊಗಳುವ ಮಾತುಗಳು ಈ ಅಭ್ಯಾಸಕ್ಕೆ ಬಹಳ ಉಪಯುಕ್ತವಾಗಿವೆ. ಅವನು ಪುರಗಳನ್ನೂ ಮನೆಗಳನ್ನೂ ಪ್ರಾಸಾದಗಳನ್ನೂ ಬಲ್ಲವನು ಮಾತ್ರವಲ್ಲ. ವಾಹನ, ಆಸನ, ಹಾಸುಗೆಯ ಮಂಚ, ಕಿರೀಟ, ಚೂಡಾಮಣಿ, ಇವೆಲ್ಲವುಗಳ ರಚನೆಯಲ್ಲಿಯೂ ನಿಪುಣನೆಂದು ಶಾಸನದ ಭಾವ. ಊರಿನಿಂದ ಹಿಡಿದು ಮುಡಿಯ ಒಡವೆಯವರೆಗೆ ಒಂದೇ ವಿದ್ಯೆ! ಇಂದು ನಾವು ‘ಆರ್ಕಿಟೆಕ್ಚರ್’ ಎಂದೂ ‘ಡಿಸೈನ್’ ಎಂದೂ ಎರಡು ಹೆಸರಿಟ್ಟು ಎರಡು ಕಾಲೇಜುಗಳಲ್ಲಿ ಕಲಿಸುವುದನ್ನು ಆ ಕಾಲದವರು ಒಬ್ಬನ ಕೈಯಲ್ಲಿ ಕಂಡರು. ೧೯೧೯ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಶಾಲೆಯು ಇದನ್ನೇ ಮತ್ತೊಂದು ಬಗೆಯಲ್ಲಿ ಸಾಧಿಸಲೆಳಸಿತು. ಅಲ್ಲಿ ಕಲಿಸುವವರಿಗೆ ಪ್ರೊಫೆಸರರೆಂಬ ಹೆಸರಿನ ಬದಲು ಕಸುಬಿನ ಗುರುವೆಂಬ ಹೆಸರು, ಕಲಿಯುವವರಿಗೆ ಕಸುಬಿನ ಶಿಷ್ಯರೆಂಬ ಹೆಸರು. ನಮ್ಮ ಭಾರತ ಸರ್ಕಾರದ ಕೋರಿಕೆಯಂತೆ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ೧೯೫೮ರಲ್ಲಿ ಒಪ್ಪಿಸಿದ ವರದಿಯಲ್ಲಿ ಉತ್ತಮ ವಿನ್ಯಾಸಕ್ಕೆ ಎತ್ತಿದ ನಿದರ್ಶನ ಯಾವುದು ಬಲ್ಲಿರಾ? ನಮ್ಮ ನಿತ್ಯದ ಬಳಕೆಯ ಚೊಂಬು. ಆ ವರದಿಯ ತರುವಾಯ, ೧೯೬೧ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಹುಟ್ಟಿತು. ಆದುದರಿಂದ ಗುಡಿಯನ್ನು ನೋಡಲು ಹೋದ ಮಗು ಗುಡಿಯನ್ನಷ್ಟೇ ನೋಡಿ ಬರಬೇಕಾಗಿಲ್ಲ. ಊಟದ ಮನೆಯ ಚೊಂಬು, ಮಣೆ, ಬಾಗಿಲ ಅಗಳಿ ಇವೂ ಅದರ ಪಾಠಗಳೇ.

ಹಾಗಾದರೆ ಮಕ್ಕಳು ಅಲ್ಲಿ ಮಾಡಬೇಕಾದುದೇನು? ಸಾಮಗ್ರಿಗೆ ಹಣವೇನೂ ಹೆಚ್ಚು ಬೇಕಾಗಿಲ್ಲ. ಅಳತೆಯ ಟೇಪು, ಗಟ್ಟಿ ನೂಲು, ಚೌಕಳಿ ಗೆರೆಯ ಪುಸ್ತಕ, ಪೆನ್ಸಿಲು, ರಬ್ಬರು, ನೂಲಿಗೆ ಕಟ್ಟಿದ ಒಂದು ತೂಕದ ಗುಂಡು. ಜೊತೆಗೆ ಒಬ್ಬ ಉಪಾಧ್ಯಾಯರೋ ಹಿರಿಯರೋ ಇರಬೇಕು. ಟೇಪಿನ ಎರಡು ತುದಿಗೆ ಇಬ್ಬರು, ಬರೆದುಕೊಳ್ಳುವುದಕ್ಕೆ ಒಬ್ಬರು ಎಂದು ಮೂರು ಮೂರು ಮಕ್ಕಳ ಗುಂಪು ಮಾಡಬೇಕು. ಬಾಗಲಕೋಟೆಯ ಸೀಮೆಯಲ್ಲಿ ಬೇಸಗೆಯ ಬಿಸಿಲು ೪೦ ಡಿಗ್ರಿಯನ್ನು ಮುಟ್ಟುವುದುಂಟು. ಆದುದರಿಂದ ಬೆಳಗಿನ ತಂಪಿನಲ್ಲಿ ತೊಡಗಿ ಹತ್ತು ಗಂಟೆಗೆ ಹೊರಗಿನ ಕೆಲಸವನ್ನು ನಿಲ್ಲಿಸತಕ್ಕದ್ದು. ನಡುಹಗಲಲ್ಲಿ ನೆರಳಿನಲ್ಲಿ ಕುಳಿತು ಬೆಳಗಿನ ಅಳತೆಗಳನ್ನು ಶುದ್ಧವಾಗಿ ನಕ್ಷೆಗೆ ಇಳಿಸಬೇಕು. ನಾಲ್ಕು ಬದಿ ಸಮನಾಗಿ ಬಂದ ಮಾತ್ರಕ್ಕೆ ಚೌಕವಾಗದು. ಎರಡು ಕರ್ಣಗಳೂ ಸಮನಾಗಿವೆಯೇ ಎಂದು ನೋಡಬೇಕು. ನೂಲಿನಲ್ಲಿ ಮೂರು, ನಾಲ್ಕು, ಐದು ಅಡಿಗಳ ಅಂತರಕ್ಕೆ ಗಂಟು ಹಾಕಿ ಎಳೆದು ತ್ರಿಕೋನ ಮಾಡಿದರೆ ಮೂಲೆಮಟ್ಟ ಸಿದ್ಧ. ರೇಖಾಗಣಿತದ ಪ್ರಮೇಯವು ಕರಿಹಲಗೆಯಿಂದಿಳಿದು ಕೈಗೆ ಬರುವುದು ಹೀಗೆ.

ಬೇಸಗೆಯ ಸೂರ್ಯನೂ ಒಬ್ಬ ಓಜನೇ. ದಿಕ್ಕನ್ನು ಗೊತ್ತುಮಾಡಲು ನಮ್ಮ ಶಿಲ್ಪಶಾಸ್ತ್ರಗಳು ಹೇಳುವ ಶಂಕುಸ್ಥಾಪನೆಯನ್ನು ತಂಗಿದ ಮನೆಯ ಅಂಗಳದಲ್ಲಿ ಮಾಡಿ ನೋಡಬಹುದು. ಸಮನಾದ ನೆಲದಲ್ಲಿ ಒಂದು ಕೋಲನ್ನು ನೆಟ್ಟು ಅದರ ಸುತ್ತ ವೃತ್ತ ಎಳೆಯಿರಿ. ಬೆಳಗ್ಗೆ ಕೋಲಿನ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಎಡೆಯಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಗುರುತು. ಎರಡನ್ನೂ ಸೇರಿಸಿದ ಗೆರೆಯೇ ಪೂರ್ವ ಪಶ್ಚಿಮ. ಮೇ ತಿಂಗಳ ಮೊದಲ ವಾರದಲ್ಲಿ ಬಾದಾಮಿಯ ಸೀಮೆಯಲ್ಲಿ ಸೂರ್ಯನು ನಡುಹಗಲಿಗೆ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಈ ನೋಟ ರಜೆಯಲ್ಲಿಯೇ ಸಿಕ್ಕುವಂಥದು. ಇದನ್ನು ಕಂಡ ಮಗುವಿಗೆ ಗುಡಿಯ ಮುಂಚಾಚಿದ ಕಪೋತವು ಗೋಡೆಯ ಮೇಲೆ ನೆರಳನ್ನು ಎಷ್ಟು ದೂರ ಇಳಿಬಿಡುತ್ತದೆ, ಏಕೆ ಇಳಿಬಿಡುತ್ತದೆ ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಕಲ್ಲಿನ ಗುಣವನ್ನು ತಿಳಿಯಲು ಸೀಮೆಸುಣ್ಣದ ಕಡ್ಡಿಯೊಂದು ಸಾಕು. ಅದನ್ನು ನೆಟ್ಟಗೆ ನಿಲ್ಲಿಸಿ ಮೇಲೆ ಪುಸ್ತಕವನ್ನಿಟ್ಟರೆ ತಡೆಯುತ್ತದೆ. ಅದನ್ನೇ ಎರಡು ರಬ್ಬರುಗಳ ಮೇಲೆ ಅಡ್ಡ ಮಲಗಿಸಿ ನಡುವೆ ಒತ್ತಿದರೆ ಪಟಕ್ಕನೆ ಮುರಿಯುತ್ತದೆ. ಮರಳುಗಲ್ಲಿನ ಸ್ವಭಾವವೂ ಹೀಗೆಯೇ: ಕಂಬವಾಗಿ ಬಲು ಭಾರ ಹೊರುತ್ತದೆ, ತೊಲೆಯಾಗಿ ಬಹುದೂರ ಚಾಚಲಾರದು. ಚಾಲುಕ್ಯರ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತಾಗಿ ನಿಂತಿರುವುದು ಈ ಕಾರಣದಿಂದ. ಮರದ ತೊಲೆಗೆ ಒಂದು ಅಳತೆ, ಕಲ್ಲಿನ ತೊಲೆಗೆ ಒಂದು ಅಳತೆ. ಇಂದಿನ ಉಕ್ಕಿನ ಸಲಾಕೆ ಹಾಕಿದ ಕಾಂಕ್ರೀಟಿಗೆ ಬೇರೆಯದೇ ಅಳತೆ. ಮನೆಯ ರೂಪವು ಯಜಮಾನನ ಆಸೆಯಿಂದ ಮಾತ್ರ ಹುಟ್ಟುವುದಿಲ್ಲ, ವಸ್ತುವಿನ ಶಕ್ತಿಯಿಂದಲೂ ಹುಟ್ಟುತ್ತದೆ ಎಂಬುದು ಇಲ್ಲಿನ ಪಾಠ. ವಿರೂಪಾಕ್ಷದ ಜಾಲಂಧ್ರಗಳ ಮುಂದೆ ಕುಳಿತ ಮಕ್ಕಳಿಗೆ ಇನ್ನೊಂದು ಪಾಠ ಕಾದಿದೆ: ಗಾಳಿ ಬೆಳಕುಗಳನ್ನು ಒಳಕ್ಕೆ ಬಿಟ್ಟು ಬಿಸಿಲನ್ನು ಹೊರಗೆ ತಡೆಯುವ ಆ ಕಲ್ಲಿನ ಕಿಟಕಿಗಳಲ್ಲಿ ಬಗೆಬಗೆಯ ಜಾಲಗಳಿವೆ. ಒಂದೊಂದನ್ನೂ ಚೌಕಳಿ ಕಾಗದದಲ್ಲಿ ಬಿಡಿಸಿದರೆ ಒಂದು ಚಿಕ್ಕ ಆಕೃತಿಯನ್ನು ತಿರುಗಿಸಿ, ಮಗುಚಿ, ಮರಳಿ ಮರಳಿ ಇಟ್ಟು ವಿಸ್ತಾರವನ್ನು ತುಂಬುವ ಗುಟ್ಟು ಕೈಗೆ ಸಿಕ್ಕುತ್ತದೆ.

ಗುಡಿಯಿಂದ ಹೊರಬಂದು ಊರಿನ ಮನೆಗಳನ್ನೂ ನೋಡಬೇಕು. ಆ ಸೀಮೆಯ ಹಳೆಯ ಮಾಳಿಗೆಯ ಮನೆಗಳಲ್ಲಿ ದಪ್ಪ ಗೋಡೆ, ಮರದ ಕಂಬ ತೊಲೆಗಳ ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಕುಳಿತವನಿಗೆ ತಂಪು. ಲಾಡಖಾನ್ ಗುಡಿಯ ಕಂಬದ ಚೌಕವನ್ನು ನೋಡಿದ ಕಣ್ಣಿಗೆ ಇಂಥ ಮನೆಯ ಪಡಸಾಲೆಯು ದೂರದ ನೆಂಟನಂತೆ ತೋರಿದರೆ ಅಚ್ಚರಿಯಿಲ್ಲ. ಮನೆಯವರ ಅನುಮತಿಯನ್ನು ಕೇಳಿ ಅದರ ಒಂದು ನಕ್ಷೆಯನ್ನೂ ಬರೆದುಕೊಳ್ಳಲಿ. ಮನೆಯ ಹಿರಿಯ ಹೆಂಗಸು ಮಳೆಗಾಲಕ್ಕೆ ಮುನ್ನ ಮಾಳಿಗೆಯನ್ನು ಹೇಗೆ ಸರಿಮಾಡಿಸುತ್ತಾರೆಂದು ಹೇಳುವ ನಾಲ್ಕು ಮಾತು ಎಷ್ಟೋ ಗ್ರಂಥಗಳಲ್ಲಿ ಸಿಗದು.

ಇನ್ನು ಕೆಲವು ಎಚ್ಚರಿಕೆಗಳು. ಈ ಸ್ಮಾರಕಗಳು ರಾಷ್ಟ್ರದ ಸೊತ್ತು, ರಕ್ಷಿತ ಸ್ಥಳಗಳು. ಅಳೆಯುವ ಮುನ್ನ ಪುರಾತತ್ತ್ವ ಇಲಾಖೆಯ ಸ್ಥಳೀಯ ಅಧಿಕಾರಿಗಳನ್ನು ಕಂಡು ಕೇಳಿಕೊಳ್ಳಬೇಕು. ವಿಗ್ರಹಗಳ ಮೇಲೆ ಹತ್ತಬಾರದು. ಅಕ್ಷರ ಕಾಣಲೆಂದು ಶಾಸನಕ್ಕೆ ಸುಣ್ಣವನ್ನೋ ಎಣ್ಣೆಯನ್ನೋ ಬಳಿಯಬಾರದು. ತನ್ನ ಹೆಸರನ್ನು ಕೊರೆಯುವುದಂತೂ ಮಹಾಪಾಪ. ಅಲ್ಲಿ ಹೆಸರು ಕೊರೆಯುವ ಹಕ್ಕು ಕಟ್ಟಿದವರಿಗಿತ್ತು, ನೋಡಬಂದವರಿಗಿಲ್ಲ.

ಈ ಅಳತೆಯ ಕೆಲಸ ಬರಿಯ ಮಕ್ಕಳಾಟವೆಂದು ಯಾರೂ ಭಾವಿಸಬಾರದು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣದೊಳಕ್ಕೆ ನೀರು ನುಗ್ಗಿದುದನ್ನು ನೀವು ಸುದ್ದಿಯಲ್ಲಿ ಕೇಳಿರಬಹುದು. ಮರಳುಗಲ್ಲು ಗಾಳಿಗೂ ನೀರಿಗೂ ಸವೆಯುತ್ತದೆ. ದೊಡ್ಡ ಗುಡಿಗಳಿಗೆ ಇಲಾಖೆಯ ಕಾವಲೂ ವಿದ್ವಾಂಸರ ನ���್ಷೆಗಳೂ ಇವೆ. ಆದರೆ ನಮ್ಮ ನಿಮ್ಮ ಊರುಗಳಲ್ಲಿ ಯಾರ ಪಟ್ಟಿಗೂ ಸೇರದ ಕಲ್ಮಂಟಪ, ಕಲ್ಯಾಣಿ, ಅಗಸೆಬಾಗಿಲು, ತೊಟ್ಟಿಯ ಮನೆಗಳು ಎಷ್ಟಿಲ್ಲ? ರಸ್ತೆ ಅಗಲವಾಗುವಾಗಲೋ ಆಸ್ತಿ ಪಾಲಾಗುವಾಗಲೋ ಅವು ಒಂದೇ ದಿನದಲ್ಲಿ ಮಾಯವಾಗುತ್ತವೆ. ಅವುಗಳನ್ನು ಉಳಿಸುವ ಶಕ್ತಿ ಹದಿನೈದು ವರ್ಷದ ಮಗುವಿಗೆ ಇಲ್ಲದಿರಬಹುದು. ಆದರೆ ಅಳೆದು ಬರೆದಿಡುವ ಶಕ್ತಿಯಂತೂ ಉಂಟು. ಬಾದಾಮಿಗೆ ಹೋಗಲಾಗದ ಮನೆಯವರು ತಮ್ಮ ಊರಿನ ಒಂದು ಮಂಟಪದಿಂದಲೇ ತೊಡಗಬಹುದು. ತೇದಿ ಹಾಕಿ, ಅಳೆದವರ ಹೆಸರು ಬರೆದು, ಶಾಲೆಯ ಪುಸ್ತಕಭಂಡಾರದಲ್ಲಿ ಇಟ್ಟ ನಕ್ಷೆಯೊಂದು ಐವತ್ತು ವರ್ಷಗಳ ಮೇಲೆ ಆ ಕಟ್ಟಡದ ಏಕೈಕ ಸಾಕ್ಷಿಯಾಗಿ ಉಳಿಯಲೂಬಹುದು.

ಕಡೆಯದಾಗಿ ಒಂದು ಮಾತು. ಹಳೆಯ ಓಜರ ಶಾಲೆಯನ್ನು ಹೊಗಳುವಾಗ ಅದರ ಗಡಿಯನ್ನೂ ಮರೆಯಬಾರದು. ಆ ವಿದ್ಯೆ ಬಹುಮಟ್ಟಿಗೆ ತಂದೆಯಿಂದ ಮಗನಿಗೆ, ಕಸುಬಿನ ಕುಲದೊಳಗೇ ಇಳಿದುಬಂತು. ಗುಡಿಯನ್ನು ಕಟ್ಟಿಸಿದ ರಾಣಿಯ ಹೆಸರನ್ನು ಪಟ್ಟದಕಲ್ಲಿನ ಶಾಸನಗಳಲ್ಲಿ ಓದುತ್ತೇವೆ. ನೂಲು ಹಿಡಿದವರೆಂದು ಅಲ್ಲಿ ಕಾಣುವ ಹೆಸರುಗಳೆಲ್ಲ ಗಂಡಸರವು. ಇಂದು ಆ ಗಡಿ ಇಲ್ಲ. ಯಾವ ಮನೆಯ ಮಗುವಾದರೂ, ಹುಡುಗಿಯಾಗಲಿ ಹುಡುಗನಾಗಲಿ, ಸೂತ್ರಧಾರಿಯಾಗಬಹುದು. ಕಾನೂನು ಬಾಗಿಲನ್ನು ತೆರೆದಿದೆ. ಕೈಗೆ ನೂಲನ್ನು ಕೊಡಬೇಕಾದವರು ತಂದೆತಾಯಿಗಳು ಮತ್ತು ನಮ್ಮಂಥ ಉಪಾಧ್ಯಾಯರು. ರಜೆಯ ಎಲ್ಲ ದಿನಗಳನ್ನೂ ಮುಂದಿನ ತರಗತಿಯ ಪಾಠಗಳಿಗೇ ಒತ್ತೆಯಿಡಬೇಡಿರಿ. ಅದರಲ್ಲಿ ಒಂದು ವಾರವನ್ನು ಕಣ್ಣಿಗೂ ಕೈಗೂ ಬಿಟ್ಟುಕೊಡಿರಿ. ಆ ವಾರ ಮುಗಿದ ಮೇಲೆ ಮಗು ‘ಈ ವಿದ್ಯೆ ನನಗೆ ಬೇಕು’ ಎಂದರೂ ಲಾಭವೇ, ‘ಇದು ನನ್ನದಲ್ಲ’ ಎಂದರೂ ಲಾಭವೇ. ಏಕೆಂದರೆ ಎರಡೂ ಮಾತನ್ನು ಅದು ತಾನೇ ಅಳೆದು ನೋಡಿ ಆಡಿರುತ್ತದೆ.